ಬಾಟನಿ ಮೇಡಂ ಬಗ್ಗಿದ ಜಾಗ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಕಂದುಗಟ್ಟಿತ್ತು. ಮೊದಲ ಸಲ ನೋಡಿದವರು ಈ ಹೆಂಗಸು ಕದ್ದು ಬೀಡಿ ಸೇದುತ್ತಾಳೆ ಅಂದುಕೊಳ್ಳಬೇಕು, ಹಾಗೆ. ರಾಮನಗರದ ಕಾಲೇಜಿಗೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಎಲೆಯ ಕಲೆ. ಕಣ್ಣಿಗೆ ಬಿದ್ದ ಎಲೆಯನ್ನು ಕಿತ್ತು, ಎರಡು ಬೆರಳಲ್ಲಿ ಹೊಸಕಿ, ಮೂಗಿಗೆ ಹಿಡಿಯುವುದು ಅವರ ಚಟ. ಬೇಲಿಯ ಗಿಡವಾಗಲಿ, ಪ್ರಿನ್ಸಿಪಾಲರ ಮೇಜಿನ ಹೂದಾನಿಯಾಗಲಿ, ಭೇದವಿಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಮುಡಿಯಿಂದಲೇ ಒಂದು ಮರುಗದ ಕುಡಿ ಚಿವುಟಿ ಮೂಸಿದರು. "ಮಾರ್ಕೆಟ್ಟಿಂದು. ನಿನ್ನೇದು," ಎಂದು ತೀರ್ಪು ಕೊಟ್ಟು ಕ್ಲಾಸಿಗೆ ಹೊರಟುಹೋದರು. ನನಗೆ ಮೈಯೆಲ್ಲ ಉರಿದಿತ್ತು.

ನಾನು ಚರಿತ್ರೆ ಪಾಠ ಮಾಡುವವಳು. ಅವರು ನನ್ನನ್ನು ಕರೆಯುತ್ತಿದ್ದದ್ದು "ಏನ್ರೀ ಹಿಸ್ಟರಿ" ಅಂತ. ನನ್ನ ಬಾಯಲ್ಲಿ ಅವರು ಬಾಟನಿ ಮೇಡಂ. ಮಾಗಡಿ ಕಡೆಯ ರೈತರ ಮನೆಯವರು. ಅಪ್ಪ ಬೇಗ ತೀರಿಕೊಂಡದ್ದರಿಂದ ಅಣ್ಣ ಶಾಲೆ ಬಿಟ್ಟು ನೇಗಿಲು ಹಿಡಿದು ತಂಗಿಯನ್ನು ಓದಿಸಿದ್ದರು. ಆ ಅಣ್ಣನ ವಿಷಯ ಬಂದರೆ ಮಾತ್ರ ಮೇಡಂ ದನಿ ಮೆತ್ತಗಾಗುತ್ತಿತ್ತು. ಉಳಿದಂತೆ ಬಾಯಿ ಬಲು ಜೋರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ನೋಡೋಕೆ ಬಂದೋನು ಮೂಸೋಕೆ ಬಿಡ್ಲಿಲ್ಲ" ಎನ್ನುತ್ತಿದ್ದರು. ಕೇಳಿದವರು ಎರಡನೇ ಸಲ ಕೇಳುತ್ತಿರಲಿಲ್ಲ.

ಭಾನುವಾರ ಇಬ್ಬರೂ ಅವರ ಸ್ಕೂಟಿ ಹತ್ತಿ ಮಾಗಡಿ ದಾರಿಯ ಬೆಟ್ಟಗಳ ಕಡೆ ಹೋಗುತ್ತಿದ್ದೆವು. ನನಗೆ ವೀರಗಲ್ಲು ಬೇಕು, ಅವರಿಗೆ ಗಿಡ ಬೇಕು. ಬಿಡದಿಯಿಂದ ಈಚೆಗೆ ಕಾರ್ಖಾನೆಗಳು ಹಬ್ಬುತ್ತಿದ್ದ ಕಾಲ ಅದು. ಹೋದ ತಿಂಗಳು ರಾಗಿ ಹೊಲವಿದ್ದ ಕಡೆ ಈ ತಿಂಗಳು ತಂತಿಬೇಲಿ. ಬೆಟ್ಟದ ಬುಡದಲ್ಲಿ ಜೆಸಿಬಿ ನಿಂತಿರುತ್ತಿತ್ತು. ಆಚೆ ಕಲ್ಲುಕ್ವಾರಿಯವರು ಸಿಡಿಸುವ ಮೊದಲು ಸೀಟಿ ಊದುತ್ತಿದ್ದರು. ಸೀಟಿಗೂ ಸದ್ದಿಗೂ ನಡುವೆ ಹಕ್ಕಿಗಳೆಲ್ಲ ಸುಮ್ಮನಾಗುತ್ತಿದ್ದವು. ಸಿಡಿದ ಮೇಲೆ ಎಲೆಗಳ ಮೇಲೆಲ್ಲ ಬಿಳಿ ಧೂಳು ಕೂರುತ್ತಿತ್ತು. ಮೇಡಂ ಅದನ್ನು ಸೆರಗಿನಲ್ಲಿ ಒರೆಸಿ, ಹೊಸಕಿ, ಮೂಸಿ, "ಇದೂ ಕೆಡ್ತಾ ಬಂತು" ಎನ್ನುತ್ತಿದ್ದರು.

ಅವರು ಹುಡುಕುತ್ತಿದ್ದದ್ದು ಮುಖ್ಯವಾಗಿ ಒಂದು ಗಿಡವನ್ನು. ಮೊಣಕಾಲೆತ್ತರ, ಬಂಡೆಯ ಸಂದಿಯಲ್ಲಿ ಬೆಳೆಯುವಂಥದ್ದು, ವಿಪರೀತ ಕಹಿ. ಪಿಎಚ್.ಡಿ.ಗೆಂದು ರಜೆಯಲ್ಲೆಲ್ಲ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಹೋಗಿ, ಅದರ ಸಾರವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿ ನೋಡುತ್ತಿದ್ದರು. ಒಮ್ಮೆ ಬಂಡೆಯ ಮೇಲೆ ಕೂತು ಚಿತ್ರಾನ್ನ ತಿನ್ನುವಾಗ, ಅದರಿಂದ ಏನಾಗುತ್ತೆ ಎಂದು ಕೇಳಿದೆ.

"ನೋಡ್ರೀ ಹಿಸ್ಟರಿ, ಒಂದೊಂದು ಜೀವಕೋಶದಲ್ಲೂ ಒಬ್ಬ ಯಜಮಾನ ಇರ್ತಾನೆ ಅಂದ್ಕೊಳ್ಳಿ. 'ಸಾಕು, ಇನ್ನು ಬೆಳೀಬೇಡ' ಅನ್ನೋದು ಅವನ ಕೆಲಸ. ಅದೊಂದು ಜೀನು. ಕ್ಯಾನ್ಸರ್ ಬಂದಾಗ ಎಷ್ಟೋ ಸಲ ಆ ಯಜಮಾನ ಸತ್ತಿರಲ್ಲ. ಬಾಯಿಗೆ ಬಟ್ಟೆ ತುರುಕಿರ್ತಾರೆ, ಅಷ್ಟೆ. ಈ ಗಿಡದ ಕಹಿಗೆ ಆ ಬಟ್ಟೆ ಕೀಳೋ ಗುಣ ಇರಬಹುದು. ನನ್ನ ತಟ್ಟೇಲಿ ಅವನು ಒಸಿ ಮಾತಾಡಿದ."

"ಹಾಗಾದ್ರೆ ರೋಗಿಗೆ ಕುಡಿಸಿಬಿಡಿ, ಮುಗೀತು."

"ನಿಮ್ಮ ತಲೆ. ತಟ್ಟೆ ಬೇರೆ, ಹೊಟ್ಟೆ ಬೇರೆ. ನಾನು ತಟ್ಟೆಗೆ ಹಾಕಿದಷ್ಟು ಸಾರ ರಕ್ತಕ್ಕೆ ಸೇರಬೇಕಾದ್ರೆ ಬೆಟ್ಟಾನೇ ಅರೆದು ಕುಡೀಬೇಕು. ಕುಡಿದ್ರು ಅನ್ನಿ. ಮೈಯಲ್ಲಿ ಬಾಯಿ ಕಟ್ಟಿರೋದು ಅವನೊಬ್ಬನಿಗೇನಾ? ಕಟ್ಟಿರೋದೇ ವಾಸಿ ಅನ್ನೋರೂ ಇರ್ತಾರೆ. ಅವರ ಬಾಯೀನೂ ಬಿಚ್ಚಿದ್ರೆ ಏನ್ಮಾಡ್ತೀರಾ?"

ಅವರು ನಗಲಿಲ್ಲ. ಆ ಹೊತ್ತಿಗೇ ಕ್ವಾರಿಯ ಸೀಟಿ ಕೇಳಿಸಿತು. ಇಬ್ಬರೂ ಚಿತ್ರಾನ್ನದ ಡಬ್ಬಿಗೆ ಮುಚ್ಚಳ ಹಾಕಿ ಕಾದೆವು.

'ಇರಬಹುದು' ಎನ್ನುವುದು ಅವರು ಬಹಳ ಬಳಸುತ್ತಿದ್ದ ಮಾತು. ಅವರಿಗೆ ಡಾಕ್ಟರೇಟ್ ಬಂದಾಗ ಕಾಲೇಜಿನಲ್ಲಿ ಸನ್ಮಾನ ಮಾಡಿದೆವು. ಭಾಷಣದಲ್ಲಿ ಅವರು ಎಷ್ಟು ಸಲ 'ಇರಬಹುದು' ಅಂದರೋ ಲೆಕ್ಕವಿಲ್ಲ. ಮಾರನೇ ದಿನ ಒಂದು ಸ್ಥಳೀಯ ಪತ್ರಿಕೆಯಲ್ಲಿ ಅಷ್ಟನ್ನೂ ಕಿತ್ತು ಬಿಸಾಕಿ, ನಮ್ಮ ಬೆಟ್ಟದ ಗಿಡದಲ್ಲಿ ಕ್ಯಾನ್ಸರಿಗೆ ಮದ್ದು ಎಂದು ದಪ್ಪಕ್ಷರದಲ್ಲಿ ಹಾಕಿದ್ದರು. ಪುಣ್ಯಕ್ಕೆ ಗಿಡದ ಹೆಸರು ಇರಲಿಲ್ಲ.

ಜನ ಬರತೊಡಗಿದರು. ಕನಕಪುರದಿಂದ, ಸಾತನೂರಿನಿಂದ, ಚನ್ನಪಟ್ಟಣದಿಂದ ಬಸ್ಸು ಹಿಡಿದು ಬಂದು ಅವರ ಬಾಡಿಗೆ ಮನೆಯ ಗೇಟಿನ ಮುಂದೆ ಕೂರುತ್ತಿದ್ದರು. ಮೇಡಂ ಒಬ್ಬೊಬ್ಬರನ್ನೂ ಒಳಗೆ ಕೂರಿಸಿ ನೀರು ಕೊಟ್ಟು ಹೇಳುತ್ತಿದ್ದರು: "ನನ್ನತ್ರ ಮದ್ದಿಲ್ಲ. ನಂಗೆ ಮದ್ದು ಗೊತ್ತೂ ಇಲ್ಲ. ಆಸ್ಪತ್ರೆ ಬಿಡಬೇಡಿ."

ಎಡವಟ್ಟಾದದ್ದು ಇಲ್ಲೇ. ನಮ್ಮ ಕಡೆ ನಾಟಿ ಮದ್ದು ಕೊಡುವವರಿಗೆ ಒಂದು ಕಟ್ಟುಪಾಡಿದೆ. ಗಿಡದ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಕೊಡುವವರ ಬಾಯಿಂದ ಹೆಸರು ಬಂತೋ, ಗಿಡದ ಗುಣ ಅಲ್ಲಿಗೆ ಮುಗಿಯಿತು. ಅದಕ್ಕೇ ಕೈಗುಣ ಇರುವ ಹಳಬರು "ನಂಗೇನ್ ಗೊತ್ತಪ್ಪ, ನಮ್ತಾವ ಏನೈತೆ" ಎಂದೇ ಮಾತು ಶುರು ಮಾಡುತ್ತಾರೆ. ಯಾರ ಕಣ್ಣಿಗೂ ಬೀಳದ ಹಾಗೆ ಹೋಗಿ ಕಿತ್ತು ತರುತ್ತಾರೆ. ಹೀಗಿರುವಾಗ ಮೇಡಂ ಇಲ್ಲ ಇಲ್ಲ ಎಂದಷ್ಟೂ ಬಂದವರ ಕಣ್ಣು ಅರಳುತ್ತಿತ್ತು. "ದೊಡ್ಡೋರು ಕಣಪ್ಪ, ಬಾಯೇ ಬುಡಾಕಿಲ್ಲ" ಎಂದು ಕೈಮುಗಿದು ಹೋಗುತ್ತಿದ್ದರು. ಮೇಡಂ ತಲೆ ಚಚ್ಚಿಕೊಳ್ಳುತ್ತಿದ್ದರು. ಹಳ್ಳಿಯಲ್ಲೇ ಹುಟ್ಟಿದ ಅವರಿಗೆ ಇದು ಹೊಳೆಯಲಿಲ್ಲವೇ ಎಂದು ನನಗೆ ಇವತ್ತಿಗೂ ಆಶ್ಚರ್ಯ. ತಾನು ನಾಟಿ ವೈದ್ಯೆಯ ಲೆಕ್ಕಕ್ಕೆ ಸೇರಿದ್ದೇನೆ ಎಂಬುದೇ ಅವರ ತಲೆಗೆ ಹೋಗಲಿಲ್ಲವೋ ಏನೋ.

ಆ ವರ್ಷವೇ ಅವರ ಅಣ್ಣನ ಕತ್ತಿನಲ್ಲಿ ಗಂಟುಗಳು ಎದ್ದವು. ಕ್ಯಾನ್ಸರ್. ಆದರೆ ಔಷಧಿಗೆ ಬಗ್ಗುವ ಜಾತಿಯದು, ಪೂರ್ತಿ ಚಿಕಿತ್ಸೆ ತೆಗೆದುಕೊಂಡರೆ ವಾಸಿಯಾಗುವ ಸಂಭವ ಹೆಚ್ಚು ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ಅದಕ್ಕೆ ಸ್ವಲ್ಪ ಮುಂಚೆ ನನ್ನ ಅವ್ವನಿಗೆ ಎದೆಯಲ್ಲಿ ಗಡ್ಡೆ ಬಂದು ಆಪರೇಷನ್ ಆಗಿತ್ತು. ಇಬ್ಬರಿಗೂ ಒಂದೇ ಆಸ್ಪತ್ರೆಯಲ್ಲಿ ಇಂಜೆಕ್ಷನ್ನುಗಳು ನಡೆಯುತ್ತಿದ್ದವು. ಒಂದೇ ಮಾರುತಿ ವ್ಯಾನಿನಲ್ಲಿ ಎಲ್ಲರೂ ಹೋಗುತ್ತಿದ್ದೆವು. ಮೇಡಂ ಮುಂದಿನ ಸೀಟಿನಲ್ಲಿ. ಹಿಂದೆ ಅವರ ಅಣ್ಣ, ಅತ್ತಿಗೆ, ಅವ್ವ, ನಾನು. ಅತ್ತಿಗೆಯೂ ಅವ್ವನೂ ಬೇಗ ಹೊಂದಿಕೊಂಡರು. ಇಬ್ಬರೂ ಪಿಸುಪಿಸು ಮಾತಾಡುತ್ತಿದ್ದರು. ಸದ್ಯ, ಅವ್ವನಿಗೊಂದು ಜೊತೆ ಸಿಕ್ಕಿತಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಬೆಟ್ಟಕ್ಕೆ ಹೋಗುವುದು ಕಡಿಮೆಯಾಗಿತ್ತು. ಒಂದು ಭಾನುವಾರ ಬಹಳ ದಿನದ ಮೇಲೆ ಹೋದರೆ, ಬಂಡೆಯ ಸಂದಿಗಳಲ್ಲಿ ಬರೀ ಗುಂಡಿಗಳು. ಬೇರುಸಮೇತ ಕಿತ್ತಿದ್ದರು. ಮೇಡಂ ಮೊದಲು ಕುರಿಗಳೇನೋ ಅಂದರು. ಕುರಿ ಗುಂಡಿ ತೋಡುತ್ತದೆಯೇ? ಇನ್ನೊಂದು ಬೆಟ್ಟಕ್ಕೆ ಹೋದೆವು. ಅಲ್ಲೂ ಅಷ್ಟೇ. ಕೆಳಗೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಮೇಡಂ ಒಂದು ಕಡೆ ಬಗ್ಗಿ ಬೇರೇನೋ ಹುಲ್ಲಿನ ಕಡ್ಡಿ ಎತ್ತಿಕೊಂಡರು. ಸ್ವಲ್ಪ ದೂರ ಬಂದು ನಾನು ತಿರುಗಿ ನೋಡಿದರೆ ಅವರಲ್ಲೊಬ್ಬಳು ಓಡೋಡಿ ಬಂದು, ಮೇಡಂ ಬಗ್ಗಿದ್ದ ಜಾಗದಲ್ಲೇ ಕೂತು ನೆಲ ಕೆರೆಯುತ್ತಿದ್ದಳು. ಮೇಡಂಗೆ ತೋರಿಸಿದೆ. ಅವರು ಸ್ಕೂಟಿಯ ಹತ್ತಿರ ಬಂದು ಕೀಲಿ ತಿರುಗಿಸಿದರು. "ಇನ್ನು ಬೆಟ್ಟಕ್ಕೆ ಬರೋದು ಬೇಡ ಕಣ್ರೀ," ಎಂದರು. ಅದೇ ಕೊನೆ.

ಅಷ್ಟರಲ್ಲಿ ತಡವಾಗಿತ್ತು. ಮುಂದಿನ ಇಂಜೆಕ್ಷನ್ನಿಗೆ ವ್ಯಾನು ಹತ್ತಿದಾಗ ಅಣ್ಣನ ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆ ಉಬ್ಬಿತ್ತು. ಡಾಕ್ಟರು ರಕ್ತ ನೋಡಿಸಿ, ಲಿವರ್ ಕೆಟ್ಟಿದೆ ಎಂದು ಹುಬ್ಬು ಗಂಟಿಕ್ಕಿದರು. "ಬೇರೆ ಏನಾದರೂ ತಗೊಳ್ತಿದ್ದೀರಾ? ಕಷಾಯ, ಲೇಹ್ಯ, ನಾಟಿ ಔಷಧಿ?"

"ಇಲ್ಲ ಸ್ವಾಮಿ," ಅಂದರು ಅಣ್ಣ. ಅತ್ತಿಗೆ ನೆಲ ನೋಡುತ್ತ ತಲೆಯಾಡಿಸಿದರು.

"ನಮ್ಮಣ್ಣ ಸುಳ್ಳು ಹೇಳಲ್ಲ ಡಾಕ್ಟ್ರೇ," ಎಂದು ಮೇಡಂ ತಾವೇ ಸಾಕ್ಷಿ ಹೇಳಿದರು. ಆ ಮಾತು ಆಡಿದಾಗ ಅವರ ಮುಖದಲ್ಲಿದ್ದ ಹೆಮ್ಮೆ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಅಣ್ಣನನ್ನು ವಾರ್ಡಿಗೆ ಹಾಕಿದರು. ಹಾಸಿಗೆಯ ಪಕ್ಕ ಅತ್ತಿಗೆಯ ವೈರು ಬುಟ್ಟಿಯಲ್ಲಿ ಒಂದು ಫ್ಲಾಸ್ಕಿತ್ತು. ಅಣ್ಣ ನೀರು ಕೇಳಿದರು ಎಂದು ಮೇಡಂ ಅದರ ಮುಚ್ಚಳ ತೆಗೆದರು. ಅಭ್ಯಾಸಬಲ, ಮೂಗಿಗೆ ಹಿಡಿದರು. ಕೈ ಅಲ್ಲೇ ನಿಂತಿತು. ವರ್ಷಗಟ್ಟಲೆ ಬೆರಳಲ್ಲಿ ಹೊಸಕಿ ಮೂಸಿದ್ದ ವಾಸನೆ ಅದು.

"ಅತ್ತಿಗೆ, ಎಷ್ಟು ದಿನದಿಂದ?"

ಅತ್ತಿಗೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನೀನು ಹೇಳ್ನಿಲ್ಲ ಕಣವ್ವ, ಅದ್ಕೆ ನಾವೂ ಕೇಳ್ನಿಲ್ಲ. ನೀನು ಬೆಟ್ಟದಲ್ಲಿ ಬಗ್ಗಿದ್ ಜಾಗ ನೋಡ್ಕಂಡು, ನೀನು ಹೋದ್ಮೇಲೆ ಹೋಗಿ ಕಿತ್ಕಂಡ್ ಬಂದೊ. ಸ್ವಂತ ಅಣ್ಣುಂಗೆ ನೀನು ಬಾಯ್ಬುಟ್ಟು ಹೇಳಕ್ಕಾಯ್ತದಾ? ಹೇಳುದ್ರೆ ಮದ್ದು ಕೆಟ್ಟೋಯ್ತದೆ. ಅಷ್ಟೂ ಅರ್ಥ ಆಗಾಕಿಲ್ವಾ ನಂಗೆ?"

ಮಲಗಿದ್ದ ಅಣ್ಣ ಹಳದಿ ಕಣ್ಣುಗಳಲ್ಲಿ ತಂಗಿಯನ್ನು ನೋಡಿ ನಕ್ಕರು. "ನೀನ್ ಕಂಡಿಡ್ದಿದ್ದು ಕಣಮ್ಮಿ. ನಿನ್ ಮದ್ದು. ನಂಗೆ ನಂಬ್ಕೆ ಐತೆ."

ಮೇಡಂ ಫ್ಲಾಸ್ಕು ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಓಡಿದರು. ನಾನು ಅವ್ವನ ಕಡೆ ತಿರುಗಿದೆ. ಅವ್ವ ಕಿಟಕಿಯಾಚೆ ಏನನ್ನೋ ನೋಡುತ್ತಿದ್ದಳು.

ಅಣ್ಣ ಮನೆಗೆ ಬರಲಿಲ್ಲ. ಗಿಡದಿಂದಲೋ, ಇಂಜೆಕ್ಷನ್ನಿನಿಂದಲೋ, ಎರಡೂ ಲಿವರಿನಲ್ಲಿ ಗುದ್ದಾಡಿದ್ದರಿಂದಲೋ ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ಗಿಡದಿಂದಲೂ ಇರಬಹುದು ಎಂದರು. ಆ ಪದವನ್ನು ನಾನು ಆಮೇಲೆ ಮೇಡಂ ಬಾಯಲ್ಲಿ ಕೇಳಲಿಲ್ಲ.

ಊರಿನಲ್ಲಿ ಜನ ಬೇರೆಯೇ ಮಾತಾಡಿಕೊಂಡರು. ಶುರು ಮಾಡಿದ್ದು ತಡವಾಯಿತಂತೆ, ಆಸ್ಪತ್ರೆಯಲ್ಲಿ ಫ್ಲಾಸ್ಕು ಕಿತ್ತುಕೊಂಡದ್ದರಿಂದಲೇ ಹೋದನಂತೆ. ಹೆಣದ ಮುಂದೆಯೇ ಇಬ್ಬರು ಗಂಡಸರು ಇನ್ನೂ ಯಾವ ಬೆಟ್ಟದಲ್ಲಿ 'ಅದು' ಉಳಿದಿದೆ ಎಂದು ಮಾತಾಡುತ್ತಿದ್ದುದನ್ನು ನನ್ನ ಕಿವಿಯಾರೆ ಕೇಳಿದೆ. ಗಿಡ ಎಲ್ಲರಿಗೂ ಗೊತ್ತಿತ್ತು. ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. 'ಅದು' ಎಂದೇ ಹೇಳುತ್ತಿದ್ದರು.

ಅಣ್ಣನ ಮಣ್ಣು ಮುಗಿಸಿ ಮನೆಗೆ ಬಂದವಳು ನಾನು ಸುಮ್ಮನೆ ಕೂರಲಿಲ್ಲ. ಮನೆಯನ್ನೆಲ್ಲ ಜಾಲಾಡಿದೆ. ದೇವರ ಮೂಲೆಯಲ್ಲಿ ತಾಮ್ರದ ಚೊಂಬು, ಅದರ ಮೇಲೆ ವೀಳ್ಯದೆಲೆ. ಎಲೆ ಎತ್ತಿದರೆ ಅದೇ ಕಹಿ ವಾಸನೆ. ವ್ಯಾನಿನ ಪಿಸುಪಿಸು ಏನೆಂದು ಆಗ ಖಾತ್ರಿಯಾಯಿತು.

"ಅವ್ವ!" ಎಂದು ಕಿರುಚಿದೆ. "ಅವರು ಹೋಗಿದ್ದು ನೋಡಿಯೂ ಕುಡೀತಿದ್ದೀಯಾ?"

"ಅವ್ರಿಗೆ ತಡ ಆಗಿತ್ತು. ನಂಗೆ ಟೇಮಲ್ಲೇ ಸಿಕ್ಕೈತೆ," ಎಂದಳು ಅವ್ವ, ಚೊಂಬನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತ. ತಲೆಯಲ್ಲಿ ಒಂದು ಕೂದಲಿರಲಿಲ್ಲ, ಸೆರಗು ಹೊದ್ದಿದ್ದಳು. "ಇನ್ಮೇಲೆ ಆ ಇಂಜೆಕ್ಷನ್ ಬ್ಯಾಡ. ನಾ ಬರಾಕಿಲ್ಲ. ಕರ್ಳು ಕಿತ್ತು ಬತ್ತದೆ. ಇದ್ರಲ್ಲೇ ವಾಸಿ ಮಾಡ್ಕತೀನಿ."

"ಮೇಡಮ್ಮೇ ಹೇಳ್ತಾರಲ್ಲವ್ವ, ಇದು ಮದ್ದಲ್ಲ ಅಂತ!"

"ಹೂಂ ಮತ್ತೆ. ಔದು ಅಂದಾಳಾ?"

ಇದಕ್ಕೇನು ಹೇಳುತ್ತೀರಿ? ಚೊಂಬು ಚೆಲ್ಲಿದರೆ ಇನ್ನೊಂದು ಕಡೆ ಬಚ್ಚಿಡುತ್ತಾಳೆ. ಉಳಿದ ಇಂಜೆಕ್ಷನ್ ತಪ್ಪಿದರೆ ರೋಗ ಮರಳಿ ಬರುವ ಭಯವಿದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಾನು ನೆಟ್ಟಗೆ ಮೇಡಂ ಮನೆಗೆ ಹೋಗಿ, ದುಃಖದಲ್ಲಿದ್ದಾರೆ ಎಂಬುದನ್ನೂ ನೋಡದೆ, ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಗೋಡೆಗೆ ಒರಗಿ ಕೂತಿದ್ದರು. ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು.

"ಹೆಸರು ಹೇಳಿದ್ರೆ ಗುಣ ಹೋಗುತ್ತೆ ಅನ್ನೋದನ್ನ ಅಮ್ಮ ನಿಜವಾಗ್ಲೂ ನಂಬ್ತಾರಾ?"

"ದೇವರಿಗಿಂತ ಹೆಚ್ಚಾಗಿ."

"ಹಾಗಾದ್ರೆ ತಿಥಿಗೆ ಕರ್ಕೊಂಡು ಬನ್ನಿ. ಮುಂದೆ ಕೂರಿಸಿ."

ತಿಥಿಯ ದಿನ ಮಾಗಡಿ ಬಳಿಯ ಕಲ್ಯದ ಆಚೆ ಇರುವ ಅವರ ಊರು ತುಂಬ ಜನ. ಮನೆ ಮುಂದೆ ಶಾಮಿಯಾನ. ಎಡೆ ಇಟ್ಟು ಪೂಜೆ ಮುಗಿದಿತ್ತು, ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಮೇಡಂ ಒಳಗಿನಿಂದ ಬಂದು ಜಗಲಿಯ ಮೇಲೆ ನಿಂತರು. ಕೈಯಲ್ಲಿ ಬೇರುಸಮೇತ ಕಿತ್ತ ಆ ಗಿಡ. ಗಿಡ ನೋಡಿದ್ದೇ ಜನ ಮಾತು ನಿಲ್ಲಿಸಿದರು. ನನಗೆ ಕ್ವಾರಿಯ ಸೀಟಿ ಊದಿದ ಹಾಗಾಯಿತು.

"ಎಲ್ರೂ ಕೇಳ್ಕಳಿ," ಎಂದರು. ಕಾಲೇಜಿನ ದನಿಯಲ್ಲ, ಆ ಊರಿನ ಮಗಳ ದನಿ. "ನನ್ ಹಿಂದೆ ಬಂದು ನೀವು ಕಿತ್ಕಂಡ್ ಹೋಗಿರೋ ಗಿಡ ಇದೇಯ. ನಾ ಮೂಸಿದ್ದು, ನಾ ಅರ್ದಿದ್ದು. ಇದ್ರ ಹೆಸ್ರು ನನ್ ಬಾಯಲ್ಲೇ ಹೇಳ್ತೀನಿ."

"ಬ್ಯಾಡ ಕಣವ್ವಾ!" ಎಂದು ಯಾರೋ ಮುದುಕರು ಎದ್ದು ನಿಂತರು. ಅವ್ವ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ನಾನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದೆ.

ಮೇಡಂ ಹೆಸರು ಹೇಳಿದರು. ಊರಿನ ಹೆಸರು, ಪುಸ್ತಕದ ಹೆಸರು, ಲ್ಯಾಟಿನ್ ಹೆಸರು. ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ, ಬಿಡಿಸಿ. ನಾಲ್ಕು ದಿಕ್ಕಿಗೂ ತಿರುಗಿ ಮತ್ತೆ ಹೇಳಿದರು. ನಾನು ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗುಣ ಹೋಗುತ್ತದೆ ಎಂಬ ಭಯದಿಂದಲ್ಲ, ಓದಿದವರಲ್ಲಿ ಯಾರಾದರೂ ಹುಡುಕಿ ಕುಡಿದಾರು ಎಂಬ ಭಯದಿಂದ.

ಗಂಡ ಸತ್ತಾಗಲೂ ಅಷ್ಟು ಅಳದಿದ್ದ ಅತ್ತಿಗೆ ನೆಲಕ್ಕೆ ಬಿದ್ದು ಹೊರಳಿದರು. "ಕೊಂದ್ಬುಟ್ಳು! ಮದ್ದನ್ನೇ ಕೊಂದ್ಬುಟ್ಳು! ನಮ್ಮನೆ ಯಜಮಾನ್ರಿಗಾಗ್ದಿದ್ದು ಯಾರ್ಗೂ ಆಗ್ಬಾರ್ದು ಅಂತ ಕೆಡ್ಸಿಬುಟ್ಳು!" ಆ ಮನೆಯಲ್ಲಿ ಅವತ್ತು ಊಟ ಮಾಡಿದವರು ಕೆಲವೇ ಮಂದಿ. ಮೇಡಂಗೆ ಯಾರೂ ಎಲೆ ಹಾಕಲಿಲ್ಲ. ವಾಪಸ್ಸು ಬರುವಾಗ ವ್ಯಾನಿನಲ್ಲಿ ನಾನು, "ಇಷ್ಟು ಓದಿ ಕೊನೆಗೆ ಇದನ್ನ ಮಾಡಬೇಕಾಯ್ತಲ್ಲ ಮೇಡಂ," ಅಂದೆ. "ಓದಿದ್ದನ್ನೇ ಬಾಯಿ ಬಡ್ಕೊಂಡು ಹೇಳ್ದೆ. ಯಾರು ಕೇಳಿದ್ರು?" ಅಂದರು. ಅವ್ವ ಅವರಿಗೆ ಬೆನ್ನು ತಿರುಗಿಸಿ ಕೂತಿದ್ದಳು.

ಮನೆಗೆ ಬಂದವಳೇ ಅವ್ವ ಚೊಂಬು ತೆಗೆದುಕೊಂಡು ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದಳು. "ಇನ್ನೇನೈತೆ ಅದ್ರಲ್ಲಿ. ಬರೀ ಸೊಪ್ಪಿನ್ ನೀರು." ಮೂಗು ಸೊರ ಸೊರ ಎನ್ನಿಸಿಕೊಂಡು ಒಳಗೆ ಬಂದು, "ಇಂಜೆಕ್ಷನ್ಗೆ ಗಾಡಿ ಹೇಳು. ಬ್ಯಾರೆ ಗತಿ ಏನೈತೆ," ಅಂದಳು. ಕುಡಿದದ್ದನ್ನೆಲ್ಲ ಡಾಕ್ಟರಿಗೆ ತಿಳಿಸಿದೆ. ಅವರು ರಕ್ತ ನೋಡಿಸಿ, ಸ್ವಲ್ಪ ಕಾಯಿಸಿ, ಮತ್ತೆ ಶುರು ಮಾಡಿದರು. ಅವ್ವ ಉಳಿದ ಅಷ್ಟೂ ಇಂಜೆಕ್ಷನ್ ತೆಗೆದುಕೊಂಡಳು, ಮೇಡಂಗೆ ಶಾಪ ಹಾಕಿಕೊಂಡೇ ತೆಗೆದುಕೊಂಡಳು.

ಬೆಟ್ಟದಲ್ಲಿ ಗುಂಡಿ ತೋಡುವುದು ನಿಂತಿತು. ಗೇಟಿನ ಮುಂದೆ ಜನ ಕೂರುವುದೂ ನಿಂತಿತು. ಆದರೆ ಒಂದು ದಿನ ಕಾಲೇಜಿನ ಬಾಗಿಲಲ್ಲಿ ಒಬ್ಬ ಹೆಂಗಸು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಎಲ್ಲರೆದುರು ಮೇಡಂ ಕಾಲ ಬುಡಕ್ಕೆ ಮಣ್ಣು ತೂರಿ, "ನನ್ ಮಗೀಗಾದ್ರೂ ಒಸಿ ಉಳುಸ್ಬಾರ್ದಿತ್ತಾ?" ಎಂದು ಕೇಳಿದಳು. ಮಗು ಬಹಳ ಸಣ್ಣಗಿತ್ತು. ಮೇಡಂ ತಲೆ ತಗ್ಗಿಸಿ ನಿಂತುಕೊಂಡರು. ಆಮೇಲೆ ಅವಳನ್ನು ಒಳಗೆ ಕರೆದು, ಮಗುವನ್ನು ಆಸ್ಪತ್ರೆಗೆ ಸೇರಿಸಲು ತಾವೇ ಬೆಂಗಳೂರಿಗೆ ಹೋದರು. ಆ ಮಗು ಏನಾಯಿತೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಮುಂದಿನ ವರ್ಷ ಅವರೇ ಕೇಳಿಕೊಂಡು ಉತ್ತರ ಕರ್ನಾಟಕದ ಒಂದು ದೂರದ ಊರಿಗೆ ವರ್ಗ ಮಾಡಿಸಿಕೊಂಡರು. ತವರಿನ ಬಾಗಿಲು ಅವರಿಗೆ ಮತ್ತೆ ತೆರೆಯಲಿಲ್ಲ. ಆಗಾಗ ಫೋನು ಮಾಡುತ್ತಿದ್ದರು. ಮೊದಲ ಮಾತು "ಅಮ್ಮ ಹೇಗಿದ್ದಾರೆ ಹಿಸ್ಟರಿ?" ಎಂದೇ. ಚೆನ್ನಾಗಿದ್ದಾರೆ ಎಂದರೆ ಆಚೆ ಕಡೆ ಉಸಿರು ಬಿಟ್ಟದ್ದು ಕೇಳಿಸುತ್ತಿತ್ತು. ತಮಗೂ ಅದೇ ಕಾಯಿಲೆ ಬಂದದ್ದನ್ನು, ಚಿಕಿತ್ಸೆ ಫಲಿಸದೇ ಹೋದದ್ದನ್ನು ಒಂದು ಸಲವೂ ಹೇಳಲಿಲ್ಲ. ಅವರು ತೀರಿಹೋದ ಸುದ್ದಿ ಅಲ್ಲಿನ ಸಹೋದ್ಯೋಗಿಯೊಬ್ಬರಿಂದ ನನಗೆ ತಲುಪುವಾಗ ಎಲ್ಲ ಮುಗಿದಿತ್ತು.

ನನ್ನ ಅವ್ವ ಉಳಿದದ್ದು ಮೇಡಂನಿಂದಲೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಹಾಗೆ ಹೇಳಿದರೆ ಮೊದಲು ಬೈಯುವವರು ಮೇಡಮ್ಮೇ. ಆದರೆ ಅವರು ತಮ್ಮ ಊರು, ತಮ್ಮ ಮನೆ, ಹತ್ತು ವರ್ಷದ ಕೆಲಸ ಎಲ್ಲವನ್ನೂ ಆ ಜಗಲಿಯ ಮೇಲೆ ಚೆಲ್ಲಿದ್ದು ನಾನು ಅತ್ತುಕೊಂಡು ಹೋಗಿ ಕೇಳಿದ್ದಕ್ಕೆ. ಆ ಋಣ ನನ್ನ ಮೇಲಿದೆ, ತೀರಿಸಿಕೊಳ್ಳುವವರೇ ಇಲ್ಲ.

ಸುದ್ದಿ ಬಂದ ದಿನ ಅವ್ವ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬಿಳಿಯಾದರೂ ತಲೆತುಂಬ ಕೂದಲು. ಮೇಡಂ ಹೋಗಿಬಿಟ್ಟರಂತೆ, ಅದೇ ಕಾಯಿಲೆಯಂತೆ ಎಂದೆ. ಅವ್ವನ ಕೈ ನಿಂತಿತು. ಆಮೇಲೆ ನಿಟ್ಟುಸಿರು ಬಿಟ್ಟು ಇನ್ನೊಂದು ಕಾಯಿ ಎತ್ತಿಕೊಂಡಳು.

"ಅವತ್ತು ಹೆಸ್ರು ಹೇಳ್ದೆ ಇದ್ದಿದ್ರೆ, ಪಾಪ, ಇವತ್ತು ಅವ್ಳೂ ಬದುಕ್ಕತಿದ್ಲು."

ನಾನು ಅವಳ ಪಕ್ಕ ಕೂತು ಕಾಯಿ ಬಿಡಿಸತೊಡಗಿದೆ.